ಟೇಪಕ್ಕ ಕಾರಿಗೆ ಅಳತೆ ತೆಗೆದದ್ದು

"ನಾನು ಒಂದ್ಸಲ ಅಳತೆ ತಗೊಂಡೆ ಅಂದ್ರೆ ಮುಗೀತು. ಆಮೇಲೆ ನನ್ನ ಹೆತ್ತ ತಾಯಿ ಬಂದ್ರೂ ತಿದ್ದೋ ಹಾಗಿಲ್ಲ."

ಈ ಮಾತನ್ನು ಟೇಪಕ್ಕ ದಿನಕ್ಕೆ ಕಡಿಮೆಯೆಂದರೂ ಹನ್ನೊಂದು ಸಲ ಹೇಳುತ್ತಿದ್ದಳು. ಗಿರಾಕಿ ಹೆಚ್ಚಿದ್ದ ಒಂದು ದಿನ ಎಷ್ಟು ಸಲ ಹೇಳುತ್ತಾಳೆಂದು ಎಣಿಸಲು ಕೂತ ಪಕ್ಕದ ಬೀಗದ ಅಂಗಡಿಯವನು ಮಧ್ಯಾಹ್ನದ ಹೊತ್ತಿಗೇ ಸುಸ್ತಾಗಿ ತನ್ನ ಅಂಗಡಿಗೆ ತಾನೇ ಬೀಗ ಹಾಕಿಕೊಂಡು ಮನೆಗೆ ಹೋದನಂತೆ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಗುರುತಿನ ಚೀಟಿಯೊಳಗೆ ಯಾರ ತಂಟೆಗೂ ಬಾರದೆ ಬಿದ್ದುಕೊಂಡಿತ್ತು. ಊರಿಗೆಲ್ಲ ಅವಳು ಟೇಪಕ್ಕ. ಕೊರಳಲ್ಲಿ ಹಳದಿ ಟೇಪಿಲ್ಲದೆ ಅವಳನ್ನು ನೋಡಿದವರು ಯಾರೂ ಇರಲಿಲ್ಲ. ಮದುವೆಯ ಫೋಟೋದಲ್ಲೂ ಸರದ ಪಕ್ಕದಲ್ಲಿ ಹಳದಿ ಪಟ್ಟಿಯೊಂದು ಇಣುಕುತ್ತದೆ. ಅದು ಬೆಳಕಿನ ದೋಷವೆಂದು ಗಂಡ ಮೂವತ್ತು ವರ್ಷಗಳಿಂದ ವಾದಿಸುತ್ತಿದ್ದಾನೆ, ಒಬ್ಬರೂ ಒಪ್ಪಿಲ್ಲ.

ಹೆಂಗಸರ ಬಟ್ಟೆ ಹೊಲಿಯುವುದು ಅವಳ ಕಸುಬು. ಒಮ್ಮೆ ಅಂಗಡಿಯ ಮುಂದೆ ನಿಲ್ಲದೇ ಓಡಿದ ಬಸ್ಸಿನ ಕಿಟಕಿಯಲ್ಲಿ ಕಂಡ ಹೆಂಗಸೊಬ್ಬಳಿಗೆ, ಸುಮ್ಮನೆ ಕೈ ತುರಿಸಿ, ಟೇಪಕ್ಕ ಒಂದು ಅಂಗಿ ಹೊಲಿದಿಟ್ಟಳು. ಮೂರು ವಾರದ ಮೇಲೆ ಆ ಹೆಂಗಸು ಬಟನ್ ಹಾಕಿಸಲೆಂದು ಅದೇ ಅಂಗಡಿಗೆ ಬಂದಳು, ಅಂಗಿ ತೊಟ್ಟಳು, ತೋಳಿನ ಹತ್ತಿರ ಮಾತ್ರ ಒಂದು ಎಳೆಯಷ್ಟು ಬಿಗಿಯಾಯಿತು. "ಬಸ್ಸು ತಿರುವಿನಲ್ಲಿತ್ತು, ಅದಕ್ಕೆ" ಎಂದಳು ಟೇಪಕ್ಕ. ನಂಬದವರು ನಂಬಬೇಡಿ. ನಂಬಿದವರಿಗೆ ಅಂಗಿ ಬೇಗ ಹೊಲಿದು ಸಿಗುತ್ತಿತ್ತು ಎಂಬುದಷ್ಟೇ ಸತ್ಯ.

ಅಂಗಡಿಯ ಅಗಲ ಹತ್ತಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಂದೂವರೆ ಮನುಷ್ಯರು ಹಿಡಿಸುವಂಥ ಪರದೆಯ ಮೂಲೆ, ಗೋಡೆಯ ಮೇಲೆ ಸಾಲಾಗಿ ಮೂವತ್ತೊಂದು ಅಳತೆ ಪುಸ್ತಕ. ಹಳೆಯ ಗಿರಾಕಿಗಳಿಗೆ ಅವಳು ಎರಡನೆಯ ಸಲ ಟೇಪು ಹಿಡಿಯುತ್ತಿರಲಿಲ್ಲ. "ನಿಮ್ಮದು ಪುಸ್ತಕದಲ್ಲಿದೆ ಬಿಡಿ" ಎನ್ನುತ್ತಿದ್ದಳು. ಹೊಲಿದದ್ದು ಬಿಗಿಯಾದರೆ, "ಬಟ್ಟೆ ಇದ್ದ ಹಾಗೇ ಇದೆ ನೋಡಿ, ಬದಲಾಗಿರೋದು ನೀವು" ಎನ್ನುತ್ತಿದ್ದಳು. ಗಿರಾಕಿಗಳು ನಾಚಿಕೊಂಡು ಒಂದು ವಾರ ಊಟ ಕಡಿಮೆ ಮಾಡುತ್ತಿದ್ದರೇ ಹೊರತು ಪುಸ್ತಕವನ್ನು ಪ್ರಶ್ನಿಸುತ್ತಿರಲಿಲ್ಲ.

ಮನೆ ಎರಡು ಮಹಡಿಯದು. ಕೆಳಗೆ ಟೇಪಕ್ಕ, ಕೈಗಡಿಯಾರ ರಿಪೇರಿ ಮಾಡುವ ಅವಳ ಗಂಡ, ಮತ್ತು ಬೀದಿಗೆ ಕಿಟಕಿಯಿರುವ ಕೋಣೆಯಲ್ಲಿ ಅಮ್ಮ. ಮೇಲೆ ಲಿಫ್ಟ್ ಮೆಕ್ಯಾನಿಕ್ ಆದ ತಮ್ಮ, ಆಸ್ಪತ್ರೆಯ ಅಪಘಾತದ ವಾರ್ಡಿನಲ್ಲಿ ನರ್ಸಾಗಿರುವ ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ತಮ್ಮನ ಹೆಂಡತಿಯನ್ನು ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು, ಮನೆಯಲ್ಲೂ ಅದೇ ರೂಢಿಯಾಯಿತು. ಒಟ್ಟು ಆರು ಜನ, ಆರು ಬಾಯಿ, ಅದರಲ್ಲಿ ಐದು ಯಾವಾಗಲೂ ತೆರೆದೇ ಇರುತ್ತಿದ್ದವು. ಆರನೆಯದು ಗಡಿಯಾರದವನದು. ಅವನು ಗಂಟೆಗೊಮ್ಮೆ ಬಾಯಿ ಬಿಡುತ್ತಿದ್ದ, ಅದೂ ಟೈಮ್ ಹೇಳಲು.

ಹೀಗಿರುವಾಗ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು, ಹೊಸ ಕೀಲು ಕೂತಿತು, ಕೋಲು ಹಿಡಿದು ಗೇಟಿನವರೆಗೆ ನಡೆಯುವಷ್ಟಾದಳು. ಆದರೆ ಡಾಕ್ಟರು ಒಂದು ಕಟ್ಟಪ್ಪಣೆ ಹೊರಡಿಸಿದ್ದರು: ತಗ್ಗಾದ ಜಾಗದಲ್ಲಿ ಕೂರಬಾರದು, ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಕರೆಸಿದ ಟ್ಯಾಕ್ಸಿಗಳೆಲ್ಲ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥವು. "ಅಜ್ಜೀನ ಹಿಂದಿನ ಸೀಟಲ್ಲಿ ಉದ್ದಕ್ಕೆ ಮಲಗಿಸಿಬಿಡೋಣ" ಎಂದ ಡ್ರೈವರನೊಬ್ಬನಿಗೆ ಅಮ್ಮ ಕೋಲು ತೋರಿಸಿದ ಮೇಲೆ ಟ್ಯಾಕ್ಸಿಯ ಮಾತು ನಿಂತುಹೋಯಿತು. ಹನ್ನೊಂದು ತಿಂಗಳು ಅವಳು ಗೇಟು ದಾಟಲಿಲ್ಲ.

ದಾಟಿ ಹೋಗಬೇಕಾಗಿದ್ದದ್ದು ಒಂದೇ ಜಾಗಕ್ಕೆ. ಮುಕ್ಕಾಲು ಗಂಟೆ ದೂರದಲ್ಲಿ ಅವಳ ತಂಗಿಯಿದ್ದಳು. ಅಕ್ಕತಂಗಿಯರು ಬುದ್ಧಿ ಬಂದಾಗಿನಿಂದ ಜಗಳವಾಡುತ್ತಿದ್ದರು. ಮೂರನೆಯ ಕ್ಲಾಸಿನಲ್ಲಿ ಮೇಷ್ಟ್ರ ಮಸಿ ಕುಡಿಕೆ ಒಡೆದದ್ದು ಯಾರು ಎಂಬಲ್ಲಿ ಶುರುವಾದ ಕೇಸು ಅರವತ್ತೇಳು ವರ್ಷವಾದರೂ ತೀರ್ಪು ಕಂಡಿರಲಿಲ್ಲ. ಈಗ ಅದು ದಿನಾ ಫೋನಿನಲ್ಲಿ ನಡೆಯುತ್ತಿತ್ತು.

"ಫೋನಲ್ಲಿ ಏನು ಜಗಳ ಕಣೇ" ಎಂದು ಅಮ್ಮ ಒಂದು ಸಂಜೆ ಟೇಪಕ್ಕನೆದುರು ಉಸಿರುಬಿಟ್ಟಳು. "ನಾನು ಗಟ್ಟಿ ಪಾಯಿಂಟ್ ಹಾಕೋ ಹೊತ್ತಿಗೆ ಅವಳು 'ಕೇಳಿಸ್ತಿಲ್ಲ, ಕೇಳಿಸ್ತಿಲ್ಲ' ಅಂತ ಇಟ್ಟುಬಿಡ್ತಾಳೆ. ಮುಖ ನೋಡ್ಕೊಂಡು ಆಡಬೇಕು. ಅವಳಿಗೂ ಎಪ್ಪತ್ತನಾಲ್ಕು, ನನಗೂ ಎಪ್ಪತ್ತೈದು. ಇನ್ನೆಷ್ಟು ಆಡ್ತೀವಿ ಹೇಳು."

ಟೇಪಕ್ಕನಿಗೆ ಇದು ಎದೆಗೆ ಸೂಜಿಯಂತೆ ಚುಚ್ಚಿತು. ಮರುದಿನವೇ ಮೇಲಿನ ಮನೆಯವರನ್ನು ಕೆಳಗಿಳಿಸಿ ಸಭೆ ಸೇರಿಸಿದಳು. ಎರಡು ಮನೆಗೂ ಸೇರಿ ಒಂದು ಕಾರು, ಖರ್ಚು ಅರ್ಧರ್ಧ, ಓಡಾಟವೂ ಅರ್ಧರ್ಧ. ಮುಖ್ಯ ಷರತ್ತು, ಅಮ್ಮ ಅದರಲ್ಲಿ ಸುಖವಾಗಿ ಹತ್ತಿ ಕೂರಬೇಕು.

ಇಷ್ಟು ಸಲೀಸಾಗಿ ಎಲ್ಲರೂ ಒಪ್ಪಿದ ಮಾತು ಆ ಮನೆಯಲ್ಲಿ ಅದೇ ಮೊದಲು, ಅದೇ ಕೊನೆ. ಯಾವ ಕಾರು ಎಂದ ಕೂಡಲೇ ಐದು ಬಾಯಿ ಐದು ದಿಕ್ಕಿಗೆ ತೆರೆದವು.

"ಸಣ್ಣ ಕಾರು ಸಾಕು ಅಕ್ಕ" ಎಂದ ತಮ್ಮ. "ಲೀಟರಿಗೆ ಜಾಸ್ತಿ ಓಡುತ್ತೆ, ನಿಲ್ಲಿಸೋಕೆ ಜಾಗ ಕಡಿಮೆ ಸಾಕು, ಕೈಗೆಟುಕೋ ಬೆಲೆ. ನಮ್ಮ ಲಿಫ್ಟಲ್ಲಿ ಆರು ಜನ ಅಂದ್ರೆ ನಾನೂರೆಂಟು ಕೆಜಿ. ನಾವು ಆರು ಜನ ಎಷ್ಟು ತೂಗ್ತೀವಿ, ನೋಡ್ಕೊಂಡು ತಗೊಂಡ್ರಾಯ್ತು."

"ಲಿಫ್ಟಿಗೆ ಎದುರಿಂದ ಲಾರಿ ಬರಲ್ಲ" ಎಂದಳು ನರ್ಸಮ್ಮ. "ನಂಗೆ ಏರ್‌ಬ್ಯಾಗ್ ಬೇಕು. ಮುಂದೆ ಎರಡಲ್ಲ, ಆರು. ಎಲ್ಲ ಸೀಟಿಗೂ ಸರಿಯಾದ ಬೆಲ್ಟ್ ಬೇಕು."

"ಆರು ಏರ್‌ಬ್ಯಾಗ್ ಇರೋದು ದುಬಾರಿ ಕಣೇ."

"ಆ ದುಡ್ಡು ಉಳಿಸಿ ನೋಡಿ. ಸೀದಾ ನಮ್ಮ ವಾರ್ಡಿಗೇ ಬರುತ್ತೆ. ಅಲ್ಲಿ ನಾನೇ ಡ್ಯೂಟೀಲಿರ್ತೀನಿ. ಬೈತಾ ಬೈತಾನೇ ಬ್ಯಾಂಡೇಜ್ ಸುತ್ತೀನಿ."

ತಮ್ಮ ಬಚ್ಚಲಿನ ತೂಕದ ಯಂತ್ರ ತರಲು ಹೋದ. ಟೇಪಕ್ಕ ಟೇಪು ಬಿಚ್ಚಿದಳು. ಎಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಭುಜದ ಅಗಲ, ಕೂತಾಗಿನ ಸೊಂಟದಗಲ, ಬೆನ್ನಿನಿಂದ ಮಂಡಿಯವರೆಗಿನ ಉದ್ದ, ಒಂದೊಂದನ್ನೂ ಹೊಸ ಪುಸ್ತಕಕ್ಕೆ ಏರಿಸಿದಳು. ಪ್ರತಿಯೊಬ್ಬರ ಅಕ್ಕಪಕ್ಕಕ್ಕೂ ಒಂದೊಂದಿಂಚು ಮಾರ್ಜಿನ್ ಬಿಟ್ಟಳು.

"ಇದೇನತ್ತೆ, ನಾನು ಇಷ್ಟು ಅಗಲ ಇದೀನಾ?" ಎಂದು ತಮ್ಮನ ಮಗಳು ಪುಸ್ತಕ ನೋಡಿ ಗಾಬರಿಯಾದಳು.

"ಈಗ ಇಲ್ಲ. ಮುಂದೆ ಆದ್ರೆ ಬಿಚ್ಚಿಕೊಳ್ಳೋಕೆ ಇರಲಿ ಅಂತ."

ಗಂಡನ ಸರದಿ ಬಂದಾಗ ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಬಂದು ಕೂತು, ಅಳೆಸಿಕೊಂಡು, ಎದ್ದು ಹೋದ. "ಆರೂ ಇಪ್ಪತ್ತು" ಎಂದನಷ್ಟೆ.

ಕೊನೆಗೆ ಕುರ್ಚಿಯಲ್ಲಿದ್ದ ಅಮ್ಮನ ಕಡೆ ನರ್ಸಮ್ಮ ಕೈ ತೋರಿಸಿದಳು. "ಅತ್ತೆದು ತಗೊಳ್ಳಲ್ವಾ ಅತ್ತಿಗೆ?"

"ಅಮ್ಮಂದು ಬಾಯಿಪಾಠ" ಎಂದಳು ಟೇಪಕ್ಕ. ಆದರೂ ಶಾಸ್ತ್ರಕ್ಕೆಂದು ಏಳನೆಯ ನಂಬರಿನ ಪುಸ್ತಕ ತರಿಸಿ ಹಾಳೆ ತಿರುವಿದಳು. "ನೋಡು, ಸೊಂಟದಿಂದ ನೆಲಕ್ಕೆ ಮೂವತ್ತೆಂಟು. ಸೊಂಟದಿಂದ ಕೂರೋ ಜಾಗಕ್ಕೆ ಹತ್ತಿಂಚು ಕಳೆ. ಇಪ್ಪತ್ತೆಂಟು. ಸೀಟು ನೆಲದಿಂದ ಇಪ್ಪತ್ತೆಂಟಿಂಚು ಮೇಲಿರಬೇಕು. ಅಮ್ಮ ಬೆನ್ನು ತಿರುಗಿಸಿ ನಿಂತ್ರೆ ಸಾಕು, ಸೀಟೇ ಬಂದು ಅವಳನ್ನ ಕೂರಿಸ್ಕೊಳ್ಳುತ್ತೆ."

"ಇದು ಯಾವ ವರ್ಷದ ಅಳತೆ ಅತ್ತಿಗೆ?"

"ಅಳತೆಗೆ ಎಲ್ಲಿಂದ ಬಂತು ವರ್ಷ? ಇದೇನು ಹಾಲಿನ ಪ್ಯಾಕೆಟ್ಟಾ, ತಾರೀಖು ನೋಡೋಕೆ?"

ಅಮ್ಮ ಪುಸ್ತಕದ ಕಡೆ ನೋಡಿದಳು. ಮತ್ತೆ ಗೌನಿನ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡಳು.

ಮುಂದಿನ ಶನಿವಾರ ಆರು ಜನರಲ್ಲಿ ಐವರು ಶೋರೂಮಿಗೆ ನುಗ್ಗಿದರು. ಅಲ್ಲಿನ ಟೈ ಕಟ್ಟಿದವರು ಇಂಥ ಗಿರಾಕಿಗಳನ್ನು ಹಿಂದೆ ಕಂಡಿರಲಿಲ್ಲ, ಮುಂದೆ ಕಾಣುವ ಆಸೆಯೂ ಅವರಿಗಿರಲಿಕ್ಕಿಲ್ಲ. ತಮ್ಮ ಪ್ರತಿ ಕಾರಿನ ಬಾಗಿಲನ್ನೂ ಹನ್ನೆರಡು ಸಲ ತೆಗೆದು ಮುಚ್ಚಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದ. ನರ್ಸಮ್ಮ ಹಿಂದಿನ ಸೀಟಿನ ನಡುವೆ ಕೂತು ಬೆಲ್ಟನ್ನು ಜಗ್ಗಿ ಜಗ್ಗಿ ನೋಡಿದಳು. ಗಂಡ ಡ್ಯಾಶ್‌ಬೋರ್ಡಿನ ಗಡಿಯಾರವನ್ನು ಮಾತ್ರ ನೋಡಿ, "ಎರಡು ನಿಮಿಷ ಹಿಂದಿದೆ" ಎಂದು ಆ ಕಾರನ್ನೇ ಲಿಸ್ಟಿನಿಂದ ಹೊಡೆದು ಹಾಕಿದ. ಟೇಪಕ್ಕ ಚಪ್ಪಲಿ ಕಳಚಿಟ್ಟು ಕಾರಿನ ಕೆಳಗೆ, ಒಳಗೆ, ಡಿಕ್ಕಿಯೊಳಗೆ ಟೇಪು ಎಳೆಯುತ್ತಾ ಹೋದಳು.

"ಹಿಂದೆ ಸಾಮಾನಿಗೆ ಮುನ್ನೂರೈವತ್ತು ಲೀಟರ್ ಜಾಗ ಇದೆ ಮೇಡಂ" ಎಂದರು ಟೈ ಕಟ್ಟಿದವರು.

"ಲೀಟರಾ? ನಾವೇನು ಹಾಲು ತುಂಬ್ತೀವಾ? ಇಂಚಲ್ಲಿ ಹೇಳಿ."

ತಮ್ಮ ಇಷ್ಟಪಟ್ಟ ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಟೇಪಕ್ಕನ ಲೆಕ್ಕಕ್ಕೆ ಹನ್ನೊಂದಿಂಚು ಕಡಿಮೆ ಬಿತ್ತು. "ನಾವು ಐದು ಜನ ಕೂತ್ಕೋಬಹುದು, ಉಸಿರು ಮಾತ್ರ ಸರದಿ ಮೇಲೆ ಬಿಡಬೇಕು" ಎಂದಳು. ನರ್ಸಮ್ಮ ಮೆಚ್ಚಿದ ಉದ್ದನೆಯ ಕಾರು ಡಿಕ್ಕಿ ಹೊಡೆಸಿದ ಪರೀಕ್ಷೆಯಲ್ಲಿ ಐದಕ್ಕೆ ಐದು ನಕ್ಷತ್ರ ಪಡೆದದ್ದು. ಆದರೆ ಸೀಟು ಇಪ್ಪತ್ತೇ ಇಂಚು, ಡಾಕ್ಟರ ಅಪ್ಪಣೆಗೆ ವಿರುದ್ಧ. ಮೂರನೆಯದು ಏಳು ಸೀಟಿನ ಎತ್ತರದ ಗಾಡಿ. ಟೇಪಕ್ಕ ನೆಲದಿಂದ ಮುಂದಿನ ಸೀಟಿಗೆ ಟೇಪು ಹಿಡಿದಳು. ಇಪ್ಪತ್ತೆಂಟು. ಎರಡನೆಯ ಸಲ ಹಿಡಿದಳು. ಇಪ್ಪತ್ತೆಂಟೇ. ಗೆದ್ದವಳಂತೆ ಎದ್ದು ನಿಂತಳು, ತಲೆ ಬಾಗಿಲಿಗೆ ಬಡಿಯಿತು, ಅದನ್ನೂ ಲೆಕ್ಕಿಸಲಿಲ್ಲ.

"ಇದೇ."

"ಬೆಲೆ ನೋಡಿದ್ಯಾ ಅಕ್ಕ?" ಎಂದ ತಮ್ಮ ಕ್ಷೀಣ ದನಿಯಲ್ಲಿ.

ಬೆಲೆಯ ಸುತ್ತ ಒಂದೂವರೆ ಗಂಟೆ ಯುದ್ಧ ನಡೆಯಿತು. ತಮ್ಮನ ಮಗಳು ಛಾವಣಿಯ ಗಾಜು ಬಿಟ್ಟುಕೊಟ್ಟಳು, ತಮ್ಮ ಹೊಳೆಯುವ ಚಕ್ರ ಬಿಟ್ಟುಕೊಟ್ಟ, ಟೇಪಕ್ಕ ಚರ್ಮದ ಸೀಟಿನ ಕವರು ಬಿಟ್ಟುಕೊಟ್ಟಳು. "ಅದನ್ನ ನಾನೇ ಹೊಲೀತೀನಿ, ನಿಮಗಿಂತ ನೆಟ್ಟಗೆ" ಎಂದು ಟೈ ಕಟ್ಟಿದವರಿಗೆ ಹೇಳಿದಳು. ನರ್ಸಮ್ಮ ಮಾತ್ರ ಏನನ್ನೂ ಬಿಡಲಿಲ್ಲ. ಆರು ಏರ್‌ಬ್ಯಾಗೂ ಮನೆಗೆ ಬಂದವು.

ಕಾರು ಬಂದ ದಿನವೇ ಅಡುಗೆಮನೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿತು. ಸೋಮವಾರದಿಂದ ಬುಧವಾರ ಮೇಲಿನವರದು, ಗುರುವಾರದಿಂದ ಶನಿವಾರ ಕೆಳಗಿನವರದು, ಭಾನುವಾರ ಅಮ್ಮನದು.

ಮೊದಲ ಭಾನುವಾರ ಅಮ್ಮ ಬೆಳಗ್ಗೆ ಐದಕ್ಕೇ ತಯಾರಾದಳು. ತಂಗಿಗೆ ಫೋನು ಮಾಡಿ, "ಬರ್ತಿದೀನಿ, ಸಿದ್ಧವಾಗಿರು" ಎಂದು ಎಚ್ಚರಿಕೆ ಕೊಟ್ಟಳು. ಕೋಲು ಊರಿ ಗೇಟು ದಾಟಿ ಕಾರಿನ ಪಕ್ಕ ಬಂದು, ಟೇಪಕ್ಕ ಹೇಳಿದಂತೆ ಬೆನ್ನು ತಿರುಗಿಸಿ ನಿಂತಳು.

ಸೀಟು ಬಂದು ಅವಳನ್ನು ಕೂರಿಸಿಕೊಳ್ಳಲಿಲ್ಲ. ಅದು ಅವಳ ಬೆನ್ನಿಗೆ ತಾಗಿಕೊಂಡು ಬಿಗುಮಾನದಿಂದ ನಿಂತಿತ್ತು.

"ಸ್ವಲ್ಪ ಮೇಲೆ ಬಾಮ್ಮ."

"ಎಲ್ಲಿಂದ ಬರಲೇ, ಕಾಲು ಇರೋದೇ ಇಷ್ಟು."

ನರ್ಸಮ್ಮ ಕಂಕುಳಿಗೆ ಕೈಕೊಟ್ಟು ನೋಡಿದಳು. ಎತ್ತಿ ಹಾಕಿದರೆ ಹೊಸ ಕೀಲು ತಿರುಚಬಹುದೆಂದು ಬಿಟ್ಟುಬಿಟ್ಟಳು. "ಎತ್ತರ ಆಯ್ತು ಅತ್ತಿಗೆ."

"ಎತ್ತರ ಹೇಗಾಗುತ್ತೆ? ಇಪ್ಪತ್ತೆಂಟು ಅಂದ್ರೆ ಇಪ್ಪತ್ತೆಂಟು. ಟೈರಿಗೆ ಗಾಳಿ ಜಾಸ್ತಿ ಹೊಡೆದು ಕಳಿಸಿದಾರೆ. ಲೇ, ಗಾಳಿ ಬಿಡೋ."

ತಮ್ಮ ಗಾಳಿ ಬಿಟ್ಟ. ಕಾರು ಅರ್ಧ ಇಂಚು ಇಳಿಯಿತು. ಇನ್ನಷ್ಟು ಬಿಡು ಎಂದಳು. ಇನ್ನು ಬಿಟ್ಟರೆ ಚಕ್ರದ ಬದಲು ರೊಟ್ಟಿಯ ಮೇಲೆ ಓಡಬೇಕಾಗುತ್ತದೆ ಎಂದ. ತಮ್ಮನ ಮಗಳು ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದಳು, ನರ್ಸಮ್ಮ ಅದನ್ನು ಕಸಿದುಕೊಂಡಳು. "ಇಂಥ ಸ್ಟೂಲಿಂದ ಬಿದ್ದವರಿಂದಲೇ ನಮ್ಮ ವಾರ್ಡು ನಡೀತಿರೋದು." ಟೇಪಕ್ಕ ಸೋಲೊಪ್ಪಲಿಲ್ಲ. "ಅಮ್ಮ ನೆಟ್ಟಗೆ ನಿಂತಿಲ್ಲ. ನೆಟ್ಟಗೆ ನಿಂತ್ಕೋಮ್ಮ, ಅಳತೆ ಸರಿಯಾಗೇ ಇದೆ."

ಅಮ್ಮ ಟೇಪಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು. "ಅಳತೆ ಸರಿಯಾಗಿದೆ ಬಿಡು. ಇವತ್ತು ಯಾಕೋ ಮಂಡಿ ಹಿಡ್ಕೊಂಡಿದೆ. ಇನ್ನೊಂದಿನ ನೋಡಿದ್ರಾಯ್ತು" ಎಂದು ಕೋಲು ತಿರುಗಿಸಿದಳು.

ಅಲ್ಲಿಂದ ಎರಡು ವಾರ ಆ ಕಾರು ಊರೆಲ್ಲ ಸುತ್ತಿತು. ತಮ್ಮ ಲಿಫ್ಟಿನ ಹಗ್ಗ ಹೇರಿಕೊಂಡು ಹೋದ. ನರ್ಸಮ್ಮ ಡ್ಯೂಟಿಗೆ ಹೋದಳು. ಐವತ್ತೆರಡನೆಯ ವಯಸ್ಸಿಗೆ, ನಾಲ್ಕನೆಯ ಪ್ರಯತ್ನದಲ್ಲಿ ಲೈಸೆನ್ಸ್ ಪಡೆದಿದ್ದ ಟೇಪಕ್ಕ ಬಟ್ಟೆಯ ಗಂಟು ತರಲು ಹೋದಳು. ಅವಳ ಕಾಲಿಗೆ ಹೊಲಿಗೆ ಯಂತ್ರದ ಪೆಡಲೇ ಅಭ್ಯಾಸ, ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಕಾರು ರಸ್ತೆಯುದ್ದಕ್ಕೂ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಸಾಗಿದರೆ, ಪಕ್ಕದಲ್ಲಿ ಕೂತ ಗಂಡನ ಗದ್ದ ಪ್ರತಿ ಹೊಲಿಗೆಗೂ ಒಮ್ಮೆ ಎದೆಗೆ ಬಡಿಯುತ್ತಿತ್ತು.

ಹಂಚಿಕೊಂಡ ಕಾರೆಂದರೆ ಸೀಟಿನ ಜಗಳ. ನರ್ಸಮ್ಮ ಮುಂದಕ್ಕೆಳೆದ ಸೀಟನ್ನು ತಮ್ಮ ಹಿಂದಕ್ಕೆ ತಳ್ಳುತ್ತಿದ್ದ, ಟೇಪಕ್ಕ ಮೇಲಕ್ಕೆತ್ತುತ್ತಿದ್ದಳು. ಕನ್ನಡಿಯಲ್ಲಿ ಒಬ್ಬರಿಗೆ ರಸ್ತೆ ಕಂಡರೆ ಇನ್ನೊಬ್ಬರಿಗೆ ಸ್ವಂತ ಮೂಗು ಕಾಣುತ್ತಿತ್ತು. ಟೇಪಕ್ಕ ಅಂಗಡಿಯ ಅಭ್ಯಾಸದಂತೆ "ಸೀಟು ಮುಟ್ಟಬೇಡಿ" ಎಂದು ಚೀಟಿ ಬರೆದು ಸೀಟಿಗೇ ಗುಂಡುಸೂಜಿಯಲ್ಲಿ ಸಿಕ್ಕಿಸಿದಳು. ಚೀಟಿ ಓದದೆ ತಮ್ಮ ಕೂತ.

"ಆರು ಏರ್‌ಬ್ಯಾಗ್ ಇರೋ ಗಾಡೀಲಿ ಮೊದಲ ಗಾಯ ಟೈಲರ್ ಪಿನ್ನಿಂದ" ಎಂದು ನರ್ಸಮ್ಮ ಹಣೆ ಚಚ್ಚಿಕೊಳ್ಳುತ್ತಾ ಗಂಡನಿಗೆ ಇಂಜೆಕ್ಷನ್ ಕೊಟ್ಟಳು. ಪಿನ್ನು ಚುಚ್ಚಿದ ಪಕ್ಕದಲ್ಲೇ ಕೊಟ್ಟಳೆಂದು ಅವನ ದೂರು.

ಈ ಗದ್ದಲದಲ್ಲೆಲ್ಲ ಅಮ್ಮ ಕಿಟಕಿಯಲ್ಲಿದ್ದಳು. ಕಾರು ಹೊರಟಾಗಲೆಲ್ಲ ಕೈ ಬೀಸುತ್ತಿದ್ದಳು. ಬಂದಾಗಲೂ ಬೀಸುತ್ತಿದ್ದಳು. ಎರಡನೆಯ ಭಾನುವಾರವೂ ಮಂಡಿ ಹಿಡಿದುಕೊಂಡಿತ್ತು. ಯಾರಿಗಾಗಿ ಕಾರು ಬಂತೋ ಅವಳೊಬ್ಬಳನ್ನು ಬಿಟ್ಟು ಊರಿನ ಅರ್ಧ ಜನ ಅದರಲ್ಲಿ ಕೂತಾಗಿತ್ತು. ಟೇಪಕ್ಕ ಕನ್ನಡಿಯಲ್ಲಿ ಆ ಬೀಸುವ ಕೈಯನ್ನು ನೋಡುತ್ತಾ ಎರಡು ಸಲ ಗೇರು ತಪ್ಪಿಸಿದಳು.

ಮೂರನೆಯ ಗುರುವಾರ ಮಧ್ಯಾಹ್ನ ಊಟಕ್ಕೆಂದು ಬೇಗ ಮನೆಗೆ ಬಂದವಳು ಸದ್ದಿಲ್ಲದೆ ಅಮ್ಮನ ಕೋಣೆಗೆ ಹೋದಳು. ಅಮ್ಮ ಕಿಟಕಿಯ ಬೆಳಕಿಗೆ ಬೆನ್ನುಕೊಟ್ಟು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಡಿಲಲ್ಲಿ ಟೇಪಕ್ಕ ಹೋದ ವಾರ ಹೊಲಿದುಕೊಟ್ಟ ಹೊಸ ಗೌನು. ಅದರ ಅಂಚು ಒಳಕ್ಕೆ ಮಡಿಚಿತ್ತು.

ಅಮ್ಮ ಗೌನನ್ನು ಹೊದಿಕೆಯೊಳಗೆ ತಳ್ಳಲು ನೋಡಿದಳು. ಟೇಪಕ್ಕ ಎಳೆದು ತೆಗೆದಳು.

"ಏನಮ್ಮ ಇದು?"

"ಏನಿಲ್ಲ ಕಣೆ, ದಾರ ಬಿಟ್ಟಿತ್ತು."

"ನಾನು ಹೊಲಿದದ್ದು ದಾರ ಬಿಡಲ್ಲ." ಟೇಪಕ್ಕ ಅಂಚಿಗೆ ಟೇಪು ಹಿಡಿದಳು. ನಾಲ್ಕಿಂಚು ಮಡಿಚಿತ್ತು. ಕಪಾಟು ತೆರೆದಳು. ನೀಲಿ ಗೌನು, ನಾಲ್ಕಿಂಚು. ಹೂವಿನದು, ಮೂರು. ತೊಳೆದು ತೊಳೆದು ಮಾಸಿದ ಹಳೆಯದು, ಎರಡು. ಅದರ ಕೆಳಗಿನದು, ಒಂದು. ಎಲ್ಲಕ್ಕೂ ಒಳಗಡೆಯಿಂದ ಇರುವೆ ಹೆಜ್ಜೆಯಷ್ಟು ಸಣ್ಣ ಕೈಹೊಲಿಗೆ. ಹೊರಗಿನಿಂದ ನೋಡಿದರೆ ಒಂದು ಎಳೆಯೂ ಕಾಣದು. ಮೂವತ್ತು ವರ್ಷ ಕಸುಬು ಮಾಡಿದ ಟೇಪಕ್ಕನ ಕಣ್ಣಿಗೇ ಕಂಡಿರಲಿಲ್ಲ.

"ಎಷ್ಟು ವರ್ಷದಿಂದ?"

"ಒಂದು ಹನ್ನೆರಡು ಇರಬಹುದು" ಎಂದಳು ಅಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ. "ವಯಸ್ಸಾದ ಹಾಗೆ ಮನುಷ್ಯ ಕುಗ್ತಾನೆ ಕಣೇ. ಬೆನ್ನು ಬಾಗುತ್ತೆ, ಮಂಡಿ ಮಡಚುತ್ತೆ. ಮೊದಲು ಒಂದಿಂಚು ಎಳೀತಿತ್ತು, ಆಮೇಲೆ ಎರಡು. ಸೊಂಟ ಮುರಿದ ಮೇಲೆ ನಾಲ್ಕು."

"ಹೇಳೋಕೇನಾಗಿತ್ತು ನಿಂಗೆ?"

"ನೀನು ಅಂಗಡೀಲಿ ಬಂದವರ ಮುಂದೆಲ್ಲ ಹೇಳ್ಕೋತೀಯಲ್ಲ, ಹೆತ್ತ ತಾಯಿ ಬಂದ್ರೂ ತಿದ್ದೋ ಹಾಗಿಲ್ಲ ಅಂತ. ಅದಕ್ಕೇ ಯಾರಿಗೂ ಕಾಣದ ಹಾಗೆ ತಿದ್ದಿದೆ."

ಟೇಪಕ್ಕ ಮೂರು ನಿಮಿಷ ಮಾತಾಡಲಿಲ್ಲ. ಆ ಮನೆಯ ಚರಿತ್ರೆಯಲ್ಲಿ ಅದೊಂದು ದಾಖಲೆ. ಪಕ್ಕದ ಕೋಣೆಯಲ್ಲಿದ್ದ ಗಂಡ ಏನಾಯಿತೋ ಎಂದು ಹೆದರಿ ಬಾಗಿಲಿಗೆ ಬಂದು ನಿಂತ.

"ಹಾಗಾದ್ರೆ ಆವತ್ತು ಮಂಡಿ ಹಿಡ್ಕೊಂಡಿರಲಿಲ್ಲ" ಎಂದಳು ಕೊನೆಗೆ.

"ಮಂಡಿ ನನ್ನದಲ್ವಾ. ನಾನು ಹೇಳಿದಾಗ ಹಿಡ್ಕೊಳ್ಳುತ್ತೆ."

"ಚಿಕ್ಕಮ್ಮನ ಮನೆಗೆ ಹೋಗೋದನ್ನೂ ಬಿಟ್ಟು ನನ್ನ ಮಾನ ಕಾಯ್ತಾ ಕೂತಿದ್ದೀಯ." ಟೇಪಕ್ಕ ಮೂಗನ್ನು ಟೇಪಿನ ತುದಿಯಲ್ಲೇ ಒರೆಸಿಕೊಂಡಳು. "ಎದ್ದು ನಿಂತ್ಕೋಮ್ಮ. ನೆಟ್ಟಗೆ ಬೇಡ. ನೀನು ಹೇಗೆ ನಿಲ್ತೀಯೋ ಹಾಗೇ."

ಅಮ್ಮ ನಿಂತಳು, ಬಾಗಿದ ಬೆನ್ನು, ಮಡಚಿದ ಮಂಡಿ, ಕೋಲು ಎಲ್ಲ ಸಮೇತ. ಟೇಪಕ್ಕ ನೆಲಕ್ಕೆ ಮಂಡಿಯೂರಿ ಅಳತೆ ತೆಗೆದಳು. ಸೊಂಟದಿಂದ ನೆಲಕ್ಕೆ ಮೂವತ್ತನಾಲ್ಕು. ಏಳನೆಯ ಪುಸ್ತಕ ತೆಗೆದು ಹಳೆಯ ಅಂಕಿಯ ಮೇಲೆ ಗೀಟು ಹಾಕಿದಳು. ಹೊಸದನ್ನು ಬರೆದು, ಪಕ್ಕದಲ್ಲಿ, ಅವಳ ಪುಸ್ತಕಗಳಲ್ಲೇ ಮೊದಲ ಸಲ, ತಾರೀಖು ಹಾಕಿದಳು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ನಾಲ್ಕಿಂಚು ತಾನೆ? ಅಂಗಿಯ ಅಂಚು ಗುರುತು ಮಾಡುವಾಗ ಟೈಲರು ಬಗ್ಗಿ ಬಗ್ಗಿ ಸಾಯುವುದಿಲ್ಲ, ಗಿರಾಕಿಯನ್ನೇ ಒಂದು ಹಲಗೆಯ ಮೇಲೆ ಹತ್ತಿಸುತ್ತಾಳೆ. ಟೇಪಕ್ಕ ಅಂಗಡಿಗೆ ಓಡಿದಳು. ಪರದೆಯ ಮೂಲೆಯಲ್ಲಿದ್ದ ಹಲಗೆ ಹೊತ್ತು ತಂದಳು. ಗಟ್ಟಿ ಮರ, ಎರಡು ಕಾಲು ಅಗಲಿಸಿ ನಿಲ್ಲುವಷ್ಟು ಜಾಗ, ಜಾರದಂತೆ ಕೆಳಗೆ ರಬ್ಬರು. ಎತ್ತರ ನಾಲ್ಕಿಂಚು, ಮೇಲೊಂದು ಎಳೆಯಷ್ಟು. ರಜೆಯಲ್ಲಿದ್ದ ನರ್ಸಮ್ಮ ಕೆಳಗಿಳಿದು ಬಂದು ಅನುಮಾನದಿಂದ ಹಲಗೆಯ ಸುತ್ತ ಒಂದು ಸುತ್ತು ಹಾಕಿದಳು. ಅದರ ಮೇಲೆ ಹತ್ತಿ ಎರಡು ಸಲ ಕುಣಿದಳು. ಮೂಲೆಗಳನ್ನು ಒದ್ದಳು.

"ಇದು ಅಲ್ಲಾಡಲ್ಲ" ಎಂದಳು, ಸ್ವಲ್ಪ ನಿರಾಸೆಯಿಂದಲೇ. "ಆದ್ರೆ ಕೂತ ಮೇಲೆ ಸೊಂಟ ತಿರುಚದೆ ಕಾಲು ಒಳಗೆ ತಗೋಬೇಕು ಅತ್ತಿಗೆ. ಅದು ಹೇಗೆ?"

"ಲೈನಿಂಗ್" ಎಂದಳು ಟೇಪಕ್ಕ. ಕೋಟಿನೊಳಗೆ ತೋಳು ಸಲೀಸಾಗಿ ಜಾರಲೆಂದು ಹಾಕುವ ನುಣುಪು ಬಟ್ಟೆಯಲ್ಲಿ ಸೀಟಿಗೊಂದು ಹೊದಿಕೆಯನ್ನು ಹದಿನೇಳು ನಿಮಿಷದಲ್ಲಿ ಹೊಲಿದಳು. ಹದಿನೇಳು ಎಂದವನು ಗಂಡ, ಆದ್ದರಿಂದ ಲೆಕ್ಕ ಸರಿಯೇ ಇರಬೇಕು.

ಅಮ್ಮ ಹಲಗೆ ಹತ್ತಿದಳು, ಬೆನ್ನು ತಿರುಗಿಸಿದಳು, ಕೂತಳು. ನರ್ಸಮ್ಮ ಎರಡೂ ಕಾಲು ಕೂಡಿಸಿ ಹಿಡಿದು ಮೆಲ್ಲಗೆ ತಿರುಗಿಸಿದಾಗ ಅಮ್ಮ ರೇಷ್ಮೆ ಎಳೆಯಂತೆ ಮುಂದಕ್ಕೆ ತಿರುಗಿ ಸರಿಯಾದಳು. ಬೆಲ್ಟು ಬಿಗಿಯಿತು, ನುಣುಪು ಬಟ್ಟೆ ಅವಳನ್ನು ಜಾರಿಸದಂತೆ ಕೆಳಗೆ ಸಿಕ್ಕಿಸಿದ ಪಟ್ಟಿಗಳೂ ಬಿಗಿದವು. ಮಂಡಿ ಸೊಂಟಕ್ಕಿಂತ ಕೆಳಗೇ ಇತ್ತು. ಡಾಕ್ಟರು ಸ್ವತಃ ಬಂದಿದ್ದರೂ ಒಂದು ಮಾತೆತ್ತುವ ಹಾಗಿರಲಿಲ್ಲ.

"ಇವತ್ತು ಗುರುವಾರ ಅಲ್ವೇನೇ?" ಎಂದಳು ಅಮ್ಮ. "ನನ್ನ ಸರದಿ ಭಾನುವಾರ."

"ನನ್ನ ಸರದೀನ ನಾನು ಯಾರಿಗಾದ್ರೂ ಕೊಡ್ತೀನಿ. ಸುಮ್ನೆ ಕೂತ್ಕೋ."

ಅಂಗಡಿಯ ಬಾಗಿಲಿಗೆ "ತುರ್ತು ಅಳತೆ ಕೆಲಸ" ಎಂಬ ಬೋರ್ಡು ಬಿತ್ತು. ಹಿಂದಿನ ಸೀಟಿನಲ್ಲಿ ಗಂಡ ಮತ್ತು ನರ್ಸಮ್ಮ, ಅವರ ನಡುವೆ ಬೆಲ್ಟು ಕಟ್ಟಿಸಿಕೊಂಡ ಹಲಗೆ. ಬಿಗಿಯದೆ ಬಿಟ್ಟ ಸಾಮಾನು ಬ್ರೇಕು ಹಾಕಿದಾಗ ಮುಂದೆ ಹಾರುತ್ತದೆ ಎಂದು ನರ್ಸಮ್ಮನ ಹಟ. ಕಾರು ಹೊಲಿಗೆ ಹಾಕುತ್ತಾ ಹೊರಟಿತು. ಅಮ್ಮ ದಾರಿಯುದ್ದಕ್ಕೂ ಕಿಟಕಿಗೆ ಮುಖವಿಟ್ಟು, ಅಲ್ಲೊಂದು ಹೊಸ ಬೇಕರಿ, ಇಲ್ಲೊಂದು ಹಳೆಯ ಮರ ಇಲ್ಲ, ಎಂದು ಹನ್ನೊಂದು ತಿಂಗಳ ಊರಿನ ವರದಿಯನ್ನು ಒಬ್ಬಳೇ ಒಪ್ಪಿಸಿದಳು. ನಡುನಡುವೆ ಬೆರಳು ಮಡಚಿ ಜಗಳದ ಪಾಯಿಂಟುಗಳನ್ನು ಲೆಕ್ಕ ಹಾಕಿಕೊಂಡಳು.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಹಲಗೆಯಿಳಿದು ಬಂದ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಷ್ಟು ಗಿಡ್ಡ ಆಗಿದೀಯೇ ಅಕ್ಕ."

"ನೀನೇನು ಬೆಳೆದಿದೀಯಾ?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಒಳಗೆ ಹೋದರು. ಕೈ ಬಿಟ್ಟಿದ್ದು ಐದನೆಯ ನಿಮಿಷಕ್ಕೆ. ಎಂಟನೆಯ ನಿಮಿಷಕ್ಕೆ ಮಸಿ ಕುಡಿಕೆ ಹೊರಬಂತು. ಹತ್ತನೆಯದಕ್ಕೆ ಚಿಕ್ಕಮ್ಮ ಮೇಜು ಗುದ್ದಿದಳು. ಅಮ್ಮ ಕೋಲು ಕುಟ್ಟುತ್ತಾ ಹೊರಗೆ ಬಂದು, ಜಗಲಿಯಲ್ಲಿ ಆಗತಾನೇ ಕಾಲು ಚಾಚಿ ಕೂತಿದ್ದ ಟೇಪಕ್ಕನ ಮುಂದೆ ನಿಂತಳು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು, ವರ್ಷದಲ್ಲಿ ಅಷ್ಟು ಲವಲವಿಕೆ ಕಂಡಿರಲಿಲ್ಲ.

"ನಡಿಯೇ, ಕಾರು ತೆಗಿ. ಇನ್ನು ಈ ಹೊಸ್ತಿಲು ತುಳಿಯಲ್ಲ ನಾನು. ಇವಳ ಜೊತೆ ಇನ್ನೊಂದು ನಿಮಿಷ ಇರೋಕಾಗಲ್ಲ."

ಟೇಪಕ್ಕ ಚಾಚಿದ ಕಾಲನ್ನು ಮಡಚಲಿಲ್ಲ.

"ಆಗಲ್ಲಮ್ಮ. ಎರಡು ಮನೆಯವರು ಸಾಲ ಮಾಡಿ, ಏಳು ಸೀಟು, ಆರು ಏರ್‌ಬ್ಯಾಗ್ ಕಟ್ಟಿಕೊಂಡು ನಿನ್ನನ್ನ ಕರ್ಕೊಂಡು ಬಂದಿರೋದು ಹತ್ತೇ ನಿಮಿಷದ ಜಗಳಕ್ಕಾ? ಸಂಜೆವರೆಗೂ ಗಾಡಿ ನಂದೇ. ಒಳಗೆ ಹೋಗಿ ಪೂರ್ತಿ ಮುಗಿಸ್ಕೊಂಡು ಬಾ."